ಸೂಲಂಗಿ ಹೂವಿನ ಚಪ್ಪರ

ಅಕ್ಕನ ಮಗಳು ಬೆಂಗಳೂರಿನಿಂದ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿ, “ಮಾವ, ಇದೇನು ಹೇಳಿ ನೋಡೋಣ” ಎಂದು ಕೇಳಿದ್ದಳು. ಮಣ್ಣಿನ ಗಡಿಗೆಯಲ್ಲಿ ಸಿಕ್ಕಿಸಿದ ಬಿಳಿ ಬಿಳಿ ಗರಿಗಳಂಥ ಹೂವು. ಪಕ್ಕದಲ್ಲೊಂದು ಗಾಡಿಯ ಚಕ್ರ, ಎರಡು ಲಾಟೀನು, ಗೋಣಿತಾಟಿನ ಮೇಲೆ ಹರಡಿದ ಒಣಹುಲ್ಲು. ನಾನು ಮಂಡ್ಯದವನು. ಯೋಚನೆ ಕೂಡ ಮಾಡದೆ “ಸೂಲಂಗಿ” ಎಂದು ಬರೆದೆ. ಆ ಕಡೆಯಿಂದ ನಗುವ ಮುಖಗಳ ಒಂದು ಸಾಲು ಬಂತು. “ಅಲ್ಲ ಮಾವ, ಪಂಪಾಸ್ ಗ್ರಾಸ್. ನನ್ನ ಮದುವೆ ಡೆಕೊರೇಷನ್ನು. ಥೀಮು ರಸ್ಟಿಕ್ ಆಟಮ್.”

ಹಳ್ಳಿಗಾಡು ಎಂದರೆ ಗೊತ್ತು, ಶರದೃತು ಎಂದರೂ ಗೊತ್ತು. ಎರಡನ್ನೂ ಸೇರಿಸಿದರೆ ಮದುವೆಯ ಅಲಂಕಾರವಾಗುತ್ತದೆ ಎಂಬುದು ಮಾತ್ರ ನನಗೆ ಹೊಸದು. ಅವಳು ಒಂದರ ಹಿಂದೊಂದು ಫೋಟೊ ಕಳಿಸತೊಡಗಿದಳು. ಎಲ್ಲೋ ಅಮೆರಿಕದ ಮದುವೆಗಳು. ಕೆಂಪು, ಕಂದು, ಹಳದಿ ಎಲೆಗಳ ಹಾರ. ಬಾಗಿಲ ಎರಡೂ ಕಡೆ ಕುಂಬಳಕಾಯಿಯ ರಾಶಿ. ಹುಲ್ಲಿನ ಪಿಂಡಿಗಳ ಮೇಲೆ ಬಿಳಿ ಬಟ್ಟೆ ಹಾಸಿ ಬಂದವರನ್ನು ಕೂರಿಸಿದ್ದಾರೆ. ದೊಡ್ಡ ಕೊಟ್ಟಿಗೆಯಂಥ ಮರದ ಕಟ್ಟಡದೊಳಗೆ ಊಟ. ನೋಡಲು ಚೆನ್ನಾಗಿಯೇ ಇತ್ತು. ಅಷ್ಟು ಕುಂಬಳಕಾಯಿ ಒಟ್ಟಿಗೆ ಕಂಡರೆ ನಮ್ಮ ಕಡೆಯ ಅಡುಗೆ ಭಟ್ಟರ ಕೈ ಸುಮ್ಮನಿರುವುದಿಲ್ಲ, ಹುಳಿಗೆ ಹೆಚ್ಚಿಬಿಡುತ್ತಾರೆ ಎಂದು ಬರೆದೆ. ಅದಕ್ಕೂ ನಗುವ ಮುಖಗಳು ಬಂದವು. ಆಮೇಲೆ ಅಸಲು ವಿಷಯ ಬಂತು. “ಅಪ್ಪಾಜಿಗೆ ನೀವೇ ಹೇಳ್ಬೇಕು ಮಾವ. ನಾನು ಹೇಳಿದ್ರೆ ಜಗಳ ಆಗುತ್ತೆ.”

ಮದುವೆ ಗೊತ್ತಾಗಿದ್ದು ಕಾರ್ತಿಕದಲ್ಲಿ, ತುಳಸಿ ಹಬ್ಬ ಕಳೆದ ಮೇಲೆ. ಹಿಂದೆಲ್ಲ ನಮ್ಮ ಕಡೆ ಈ ಕಾಲದಲ್ಲಿ ಮದುವೆ ಕಡಿಮೆ. ಪೈರು ಇನ್ನೂ ಗದ್ದೆಯಲ್ಲೇ ನಿಂತಿರುತ್ತದೆ, ಕೈಯಲ್ಲಿ ಕಾಸಿರುವುದಿಲ್ಲ. ಸುಗ್ಗಿ ಮುಗಿದು ಕಣದ ಕೆಲಸ ತೀರಿದ ಮೇಲೆ, ಮಾಘ, ಫಾಲ್ಗುಣ, ವೈಶಾಖದಲ್ಲಿ ಊರೂರಲ್ಲಿ ಚಪ್ಪರ ಏಳುತ್ತಿದ್ದವು. ಈಗ ಪಂಚಾಂಗಕ್ಕಿಂತ ಮೊದಲು ನೋಡುವುದು ಛತ್ರ ಯಾವತ್ತು ಖಾಲಿ ಇದೆ, ಹುಡುಗ ಹುಡುಗಿಗೆ ಯಾವತ್ತು ರಜೆ ಇದೆ ಎಂದು. ಹುಡುಗನ ಕಡೆಯವರು ಬೆಂಗಳೂರಿನವರು, ಅಕ್ಕನ ಮನೆ ಮಳವಳ್ಳಿ ತಾಲ್ಲೂಕಿನ ಒಳಗೊಂದು ಹಳ್ಳಿ. ಇಬ್ಬರಿಗೂ ಅನುಕೂಲವಾಗಲೆಂದು ಮದ್ದೂರಿನಲ್ಲಿ ಛತ್ರ ಹಿಡಿದಿದ್ದರು. ಹೊಸ ಹೆದ್ದಾರಿ ಬಂದ ಮೇಲೆ ಬೆಂಗಳೂರಿನವರಿಗೆ ಮದ್ದೂರು ಹಿತ್ತಲಿದ್ದ ಹಾಗೆ. ವಡೆ ತಿನ್ನಲು ಬಂದಂತೆ ಮದುವೆಗೂ ಬಂದುಹೋಗುತ್ತಾರೆ.

ನಾನು ಸೋದರಮಾವ. ಹಾಲುಗಂಬ ತರುವವನು ನಾನು, ಹೆಣ್ಣನ್ನು ಹಸೆಗೆ ಕರೆತರುವವನೂ ನಾನು. ಹಾಗಾಗಿ ಅಪ್ಪ ಮಗಳ ನಡುವೆ ಮಾತು ಸಾಗಿಸುವ ಕೆಲಸವೂ ನನ್ನ ಹೆಗಲಿಗೇ ಬಿತ್ತು.

ಭಾನುವಾರ ಬಸ್ಸು ಹತ್ತಿ ಹೋದೆ. ಬಾವ ಜಗುಲಿಯ ಮೇಲೆ ಕೂತು ತಮ್ಮ ಫೋನಿನಲ್ಲಿ ಇನ್ನೊಂದು ಫೋಟೊ ತೋರಿಸಿದರು. ಪಕ್ಕದೂರಿನ ಯಾರದೋ ಮಗಳ ಮದುವೆಯದು. ಬಿಳಿ ಕಂಬಗಳ ಅರಮನೆ, ಕಮಾನಿನ ತುಂಬ ಬಣ್ಣ ಬದಲಿಸುವ ದೀಪ, ಎರಡು ಕಡೆ ಫೈಬರಿನ ನವಿಲು, ನಡುವೆ ನೀರಿನ ಕಾರಂಜಿ. “ಇದು ಮಾಡ್ಸಾದೆ ಮೇಷ್ಟ್ರೆ. ಇರೋಳು ಒಬ್ಳು ಮಗಳು.” ನಾನು ಮೆಲ್ಲಗೆ ಹುಡುಗಿಯ ಆಸೆ ಹೇಳಿದೆ. ಹುಲ್ಲು, ಗಡಿಗೆ, ಚಕ್ರ ಎನ್ನುವವರೆಗೂ ಸುಮ್ಮನೆ ಕೇಳಿದರು. ಗೋಣಿತಾಟು ಎಂದಾಗ ಜೋರಾಗಿ ನಕ್ಕುಬಿಟ್ಟರು. “ಗೋಣಿಚೀಲ ಕಟ್ಟಿ ಮದ್ವೆ ಮಾಡಕಾದದಾ? ಬಂದೋರು ಏನಂದಾರು? ನಾನು ಅದ್ರಿಂದ ಮ್ಯಾಕೆ ಬರಕ್ಕೆ ಮೂವತ್ ವರ್ಸ ಹಿಡೀತು. ಇವ್ಳು ನೋಡುದ್ರೆ ತಿರ್ಗ ಅದ್ರೊಳಕ್ಕೇ ಇಳಿಯನ ಬಾ ಅಂತಾಳಲ್ಲ!”

ಒಳಗಿನಿಂದ ಅಕ್ಕ ಕಾಫಿ ತಂದಳು. ಏನೂ ಹೇಳಲಿಲ್ಲ. ಅವಳು ಮಾತಾಡುವವಳಲ್ಲ.

ಸಂಜೆ ನಾವಿಬ್ಬರೂ ಗದ್ದೆಯ ಕಡೆ ಹೋದೆವು. ನಮ್ಮಲ್ಲಿ ಶರದೃತುವಿಗೆ ಎಲೆ ಉದುರುವುದಿಲ್ಲ. ಎಲೆ ಉದುರಬೇಕಾದರೆ ಚಳಿ ತೀರಿ ಮಾಘ ಬರಬೇಕು. ಆಶ್ವಯುಜ, ಕಾರ್ತಿಕದಲ್ಲಿ ಮಂಡ್ಯದ ಸೀಮೆ ವರ್ಷದಲ್ಲೇ ಹೆಚ್ಚು ತುಂಬಿಕೊಂಡಿರುತ್ತದೆ. 1932ರ ಹೊತ್ತಿಗೆ ಕನ್ನಂಬಾಡಿ ಕಟ್ಟೆ ಮುಗಿದು, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ ಈ ಬಣ್ಣ ಬಂದದ್ದು. ಅದಕ್ಕೆ ಮುಂಚೆ ಇದು ರಾಗಿ, ಹುರುಳಿಯ ನಾಡು. ಬಾವನ ಊರು ನಾಲೆಯ ಕೊನೆ ಭಾಗ. ನೀರು ಕೊನೆಗೇ ಬರುತ್ತದೆ, ಬಾರದೆಯೂ ಇರುತ್ತದೆ. ಆ ವರ್ಷ ಬಂದಿತ್ತು. ಭತ್ತ ತೆನೆ ಬಾಗಿ ಹಳದಿಗೆ ತಿರುಗುತ್ತಿತ್ತು. ಮೇಲಿನ ಖುಷ್ಕಿಯಲ್ಲಿ ರಾಗಿ, ರಾಗಿಯ ನಡುವಿನ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹೂ, ಬೇಲಿಯಲ್ಲಿ ತಂಗಡಿ. ಅದರಾಚೆ ಎರಡಾಳೆತ್ತರ ನಿಂತ ಕಬ್ಬು, ಅದರ ನೆತ್ತಿಯ ಮೇಲೆ ಉದ್ದಕ್ಕೂ ಸೂಲಂಗಿ. ಇಳಿಬಿಸಿಲಿಗೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನಾನು ಫೋನು ತೆಗೆದು ಒಂದು ಚಿತ್ರ ಹಿಡಿದು ಹುಡುಗಿಗೆ ಕಳಿಸಿದೆ.

“ಅದೇನ್ ಅಂತ ತೆಗೀತಿದ್ದೀರಿ ಮೇಷ್ಟ್ರೆ” ಎಂದರು ಬಾವ. “ಅದು ಹೂವಲ್ಲ. ಕಬ್ಬಿನ ನರೆ.”

ಸೂಲಂಗಿ ಬಂದ ಕಬ್ಬು ಇನ್ನು ಮೇಲಕ್ಕೆ ಬೆಳೆಯುವುದಿಲ್ಲ. ಬೇಗ ಕಡಿದರೆ ಸರಿ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಒಳಗೆ ಬೆಂಡಾಗುತ್ತ ಹೋಗುತ್ತದೆ, ತೂಕ ಇಳಿಯುತ್ತದೆ. ಕಾರ್ಖಾನೆಯಿಂದ ಕಟಾವಿನ ಪರ್ಮಿಟ್ಟು ಬಂದಿರಲಿಲ್ಲ. ಕಡಿಯುವ ಆಳುಗಳ ಗುಂಪು ಯಾವ ಊರಿನಲ್ಲಿದೆಯೋ ಗೊತ್ತಿರಲಿಲ್ಲ. ನನ್ನ ಕಣ್ಣಿಗೆ ಬೆಳ್ಳಿಯಾಗಿ ಕಂಡದ್ದು ಬಾವನ ಕಣ್ಣಿಗೆ ದಿನದಿನಕ್ಕೂ ಕರಗುತ್ತಿರುವ ಮದುವೆಯ ದುಡ್ಡು.

ಸೂಲಂಗಿಗೆ ಒಳ್ಳೆಯ ಕುಲವೇನೋ ಇದೆ. ಹೊಳೆ ದಂಡೆಗಳಲ್ಲಿ ಇದೇ ಕಾಲಕ್ಕೆ ಬಿಳಿ ತುರಾಯಿ ಎತ್ತುವ ಕಾಶ ಎಂಬ ಹುಲ್ಲು ಕಬ್ಬಿನ ದಾಯಾದಿ. ಋತುಸಂಹಾರದಲ್ಲಿ ಕಾಳಿದಾಸ ಶರದೃತುವನ್ನು ಮದುಮಗಳಾಗಿ ಕಂಡಾಗ ಅವಳಿಗೆ ಉಡಿಸಿದ್ದು ಈ ಕಾಶದ ಹೂವನ್ನೇ. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಕೇಂದ್ರ ಶುರುವಾದ ಮೇಲೆ ವಿಜ್ಞಾನಿಗಳು ನಾಡಕಬ್ಬಿನ ಸೂಲಂಗಿಗೆ ಈ ಕಾಡು ಹುಲ್ಲಿನ ಪರಾಗ ಕೂಡಿಸಿ ಕೋ 205 ಎಂಬ ತಳಿ ತೆಗೆದರು; ಆಮೇಲೆ ಬಂದ ಎಷ್ಟೋ ತಳಿಗಳ ಮೈಯಲ್ಲಿ ಆ ಹುಲ್ಲಿನ ರಕ್ತ ಹರಿಯುತ್ತಿದೆ. ತರಗತಿಯಲ್ಲಿ ಇದನ್ನೆಲ್ಲ ಹೇಳಿದರೆ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಪರ್ಮಿಟ್ಟಿಗೆ ಕಾಯುತ್ತಿರುವ ರೈತನ ಮುಂದೆ ಬದುವಿನ ಮೇಲೆ ನಿಂತು ಹೇಳುವ ಧೈರ್ಯ ನನಗಾಗಲಿಲ್ಲ.

ಮುಂದಿನ ವಾರ ಹುಡುಗಿಯೇ ಬಂದಳು. ಅವಳ ಜೊತೆ ಮಂಡ್ಯದಲ್ಲೊಬ್ಬ ಡೆಕೊರೇಷನ್ನಿನವನ ಹತ್ತಿರ ಹೋದೆ. ಅವನಿಗೆ ರಸ್ಟಿಕ್ ಆಟಮ್ ಎಂಬುದು ಬಾಯಿಪಾಠವಾಗಿತ್ತು, ಆಲ್ಬಮ್ಮೇ ತೆಗೆದ. ಪಂಪಾಸ್ ಹುಲ್ಲು ದಕ್ಷಿಣ ಅಮೆರಿಕದ್ದು ಎಂದು ನಾನು ಎಲ್ಲೋ ಓದಿದ್ದೆ. ಅವನ ಹತ್ತಿರ ಇದ್ದದ್ದು ಎಲ್ಲಿಯದೂ ಅಲ್ಲ. ಮುಟ್ಟಿ ನೋಡಿದರೆ ನೈಲಾನು. ಕೆಂಪು ಕಂದು ಎಲೆಗಳು ಬಟ್ಟೆಯವು. ಗಾಡಿಯ ಚಕ್ರ ಫೈಬರಿನದು, ಮೇಲೆ ಮರದ ಗೆರೆ ಬರೆದಿದ್ದರು, ಗೆದ್ದಲು ತಿಂದ ತೂತು ಕೂಡ ಬರೆದಿದ್ದರು. “ಥರ್ಮೊಕೋಲು ಮುಟ್ಟಲ್ಲ ಸರ್ ನಾವು, ಬ್ಯಾನು” ಎಂದು ಹೆಮ್ಮೆಯಿಂದ ಹೇಳಿದ. ನಿಜ, 2022ರ ಜುಲೈ 1ರಿಂದ ಅಲಂಕಾರದ ಥರ್ಮೊಕೋಲಿಗೆ ದೇಶದಲ್ಲಿ ನಿಷೇಧವಿದೆ. ಒಟ್ಟು ಎಷ್ಟು ಎಂದು ಕೇಳಿದೆವು. ಅವನು ಹೇಳಿದ ಮೊತ್ತ ಬಾವನ ಒಂದೆಕರೆ ಕಬ್ಬಿಗೆ ಹತ್ತಿರ ಹತ್ತಿರ ಬರುತ್ತಿತ್ತು.

ಹೊರಗೆ ಬಂದು ಹೂವಿನ ಅಂಗಡಿಗಳ ಸಾಲಿನಲ್ಲಿ ನಿಂತೆವು. ದೀಪಾವಳಿ ಕಳೆದಿತ್ತಲ್ಲ, ಚೆಂಡು ಹೂವನ್ನು ಕೇಳುವವರಿರಲಿಲ್ಲ, ಚೀಲಗಟ್ಟಲೆ ಬಾಡುತ್ತಿತ್ತು. ಸೇವಂತಿಗೆಯ ಮಾರು ಹಬ್ಬದ ದಿನ ಕೇಳಿದ ಬೆಲೆಗೆ ಅರ್ಧ. ಕನಕಾಂಬರ, ಕಾಕಡ ಮಾತ್ರ ತಮ್ಮ ಗತ್ತು ಬಿಟ್ಟಿರಲಿಲ್ಲ. “ಇವೆಲ್ಲ ನಮ್ಮ ಹೂವು, ಇದ್ರಲ್ಲೇ ಮಾಡ್ಬಹುದಲ್ವಾ ಮಾವ” ಎಂದಳು ಹುಡುಗಿ. ಚೆಂಡು ಹೂ ಮೆಕ್ಸಿಕೊದಿಂದ ಬಂದದ್ದು ಎಂದು ನಾನು ಮೇಷ್ಟರಿಕೆ ಮಾಡಿದೆ. ಅವಳು ನನ್ನನ್ನು ನೋಡಿ, “ಮಾವ, ಸ್ವಲ್ಪ ಸುಮ್ಮನಿರಿ” ಎಂದಳು.

ರಾತ್ರಿ ಊಟದ ಹೊತ್ತಿಗೆ ಜಗಳ ಆಗಿಯೇ ಹೋಯಿತು. “ಬಾಡಿಗೆಗೆ ಚಕ್ರ ತತ್ತಾರಂತೆ, ಪ್ಲಾಸ್ಟಿಕ್ ಚಕ್ರ! ನಮ್ಮನೆ ಗಾಡಿ ಗುಜರಿಗೆ ಆಕ್ದಾಗ ಪಟ್ಟಿ ಕಬ್ಬುಣಕ್ಕೆ ಕೇಜಿ ಲೆಕ್ಕ ಕೊಟ್ರು, ಮರ ಬ್ಯಾಡ ಅಂದ್ರು” ಎಂದು ಬಾವ ಕೂಗಿದರು. ಹುಡುಗಿ ತನಗೆ ನವಿಲು ಬೇಡ, ಕಾರಂಜಿ ಬೇಡ, ತಾನು ಹುಟ್ಟಿ ಬೆಳೆದ ಊರಿನ ಹಾಗೆ ಇದ್ದರೆ ಸಾಕು ಎಂದಳು. “ಇರಾ ಊರ ಕಂಡಿದ್ದೀಯಾ ನೀನು? ಹಾಸ್ಟೆಲ್ಲಲ್ಲಿ ಬೆಳ್ದೋಳು” ಎಂದರು ಬಾವ. ಅದು ತಗಲಬೇಕಾದ ಕಡೆ ತಗಲಿತು. ಅವಳು ತಟ್ಟೆ ಬಿಟ್ಟೆದ್ದಳು.

ಬಾವ ಹೊರಗೆ ಹೋಗಿ ಜಗುಲಿಯ ಕತ್ತಲಲ್ಲಿ ಕೂತರು. ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋಗಿ ಕೂತೆ. ಮೇಷ್ಟ್ರೆ, ನೀವು ಎನ್ನುವವರು ಅವತ್ತು ನನ್ನನ್ನು ಹೆಸರು ಹಿಡಿದು ಕರೆದರು. “ನಿಮ್ಮಪ್ಪ ಅವತ್ತು ಟವಲ್ಲು ಕೈಲಿಡ್ಕಂಡು ನಿಂತಿದ್ರಲ್ಲ, ಚಪ್ಪರದ ಬಾಗ್ಲಲ್ಲಿ. ನೆಪ್ಪದಾ ನಿಂಗೆ?”

ನೆನಪಿತ್ತು. ಅವರಿಗೂ ನೆನಪಿರಬಹುದು ಎಂದು ಮಾತ್ರ ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

1994ರ ವೈಶಾಖ. ಮದ್ದೂರು ತಾಲ್ಲೂಕಿನ ನಮ್ಮೂರಲ್ಲಿ, ನಮ್ಮ ಮನೆ ಮುಂದೆಯೇ ಅಕ್ಕನ ಮದುವೆ. ಅಷ್ಟು ಹೊತ್ತಿಗೆ ಕೈಯಲ್ಲಿ ನಾಲ್ಕು ಕಾಸಿದ್ದವರೆಲ್ಲ ಶಾಮಿಯಾನ ಹಾಕಿಸುತ್ತಿದ್ದರು; ಕೆಂಪು ಹಳದಿ ಬಟ್ಟೆ, ಅಂಚಿಗೆ ಜಾಲರಿ. ಅಪ್ಪನ ಹತ್ತಿರ ಅದಕ್ಕೆ ದುಡ್ಡಿರಲಿಲ್ಲ. ತೆಂಗಿನ ಸೋಗೆಯ ಚಪ್ಪರ ಹಾಕಿದರು. ಹನ್ನೆರಡು ಕಂಬ. ಗಳ ಒಬ್ಬರ ಮನೆಯದು, ಗರಿ ಹತ್ತು ಮನೆಯದು. ಬೀದಿಯ ಗಂಡಸರು ಮೂರು ರಾತ್ರಿ ಲಾಟೀನಿನ ಬೆಳಕಲ್ಲಿ ಕೂತು ಗರಿ ಹೆಣೆದರು. ಬಾಗಿಲಿಗೆ ಗೊನೆ ಬಿಟ್ಟ ಬಾಳೆಕಂದು, ಮಾವಿನ ಸೊಪ್ಪು, ಈಚಲ ಗರಿ. ಒಳಗೆ ತೆಂಗಿನ ಸುಳಿಗರಿಯಲ್ಲಿ ಮಡಿಸಿದ ಗಿಳಿಗಳು ತೂಗುತ್ತಿದ್ದವು. ಆ ಗಿಳಿ ಮಡಿಸಿದವರಲ್ಲಿ ನಾನೂ ಒಬ್ಬ, ಪಿಯುಸಿ ಓದುತ್ತಿದ್ದೆ.

ಗಂಡಿನ ಕಡೆಯವರು ಬಂದು ಇಳಿದರು. ಅವರಲ್ಲೊಬ್ಬ ಹಿರಿಯರು ಚಪ್ಪರದ ಬಾಗಿಲಲ್ಲೇ ನಿಂತು, ಕತ್ತೆತ್ತಿ ಮೇಲೆ ನೋಡಿ, ಎಲ್ಲರಿಗೂ ಕೇಳುವ ಹಾಗೆ, “ಸಾಮಿಯಾನ ಆಕ್ಸಕ್ಕೂ ಗತಿ ಇರ್ನಿಲ್ವಾ? ದನಿನ ಕೊಟ್ಗೆಗೆ ಕರ್ದವ್ರೆ” ಎಂದರು. ನಾಲ್ಕು ಜನ ನಕ್ಕರು. ಅಪ್ಪ ಹೆಗಲ ಮೇಲಿನ ಟವಲ್ಲನ್ನು ಕೈಗೆ ತೆಗೆದುಕೊಂಡು, ಬನ್ನಿ, ಬನ್ನಿ ಎನ್ನುತ್ತಲೇ ಇದ್ದರು. ನಾನು ಕೈಯಲ್ಲಿದ್ದ ಗಿಳಿಯನ್ನು ಹಿಸುಕಿ ಎಸೆದದ್ದು ನೆನಪಿದೆ. ಅಪ್ಪ ಈ ಮಾತನ್ನು ಸಾಯುವವರೆಗೂ ಒಮ್ಮೆಯೂ ಎತ್ತಲಿಲ್ಲ. ಆದರೆ 2003ರಲ್ಲಿ ನನ್ನ ಮದುವೆಯಾದಾಗ, ಛತ್ರವೇ ಆಗಬೇಕು, ಪ್ಲಾಸ್ಟಿಕ್ ಹೂವಿನ ಮಂಟಪವೇ ಆಗಬೇಕು, ಹೆಸರು ಥರ್ಮೊಕೋಲಿನಲ್ಲಿ ಬರೆಸಬೇಕು ಎಂದು ಹಟ ಹಿಡಿದವನು ನಾನು. ಅಪ್ಪ ಅದಕ್ಕೆ ಸಾಲ ಮಾಡಿದರು.

“ಹಸೆ ಮ್ಯಾಲೆ ಕುಂತ್ಕಳಕ್ಕೆ ಹೋಗ್ತಿದ್ದೋನು ನಾನು” ಎಂದರು ಬಾವ. “ನಮ್ಮ ದೊಡ್ಡಪ್ಪ ಅಂದ್ರು. ನಾನು ತಿರುಗಿ ಒಂದ್ ಮಾತು ಆಡ್ನಿಲ್ಲ. ಮದ್ವೆ ಗಂಡು ಎಂಗ್ ಮಾತಾಡಾದು ಅಂತ ಸುಮ್ಕಾದೆ. ಆ ಸೋಗೆ ನೋಡುದ್ರೆ ನಿಮ್ಮಪ್ಪನ ಮೊಕ ಕಾಣ್ತದೆ ನಂಗೆ. ಈಗ ಹೆಣ್ಣೆತ್ತೋನು ನಾನು ಕಣಾ. ನಾನು ಅಂಗ್ ನಿಂತ್ಕಳಕಿಲ್ಲ.”

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ರಸ್ಟಿಕ್ ಎಂಬುದನ್ನು ಹುಡುಗಿ ಎಷ್ಟು ಹಗುರವಾಗಿ ಹೇಳುತ್ತಾಳೆ ಎಂದು ಅವಳ ಮೇಲೆ ಕೋಪ ಬಂತು, ಆಮೇಲೆ ಅದು ಅವಳ ತಪ್ಪಲ್ಲ ಎಂದೂ ಅನ್ನಿಸಿತು. ಅವಳು ಆ ಚಪ್ಪರ ಕಂಡವಳಲ್ಲ. ಕಂಡಿದ್ದ ನಾವಿಬ್ಬರೂ ಅವಳಿಗೆ ಒಂದು ದಿನವೂ ಹೇಳಿದವರಲ್ಲ.

ಹೇಳಿದ್ದು ಅಕ್ಕ. ರಾತ್ರಿ ಒಳಗೆ ಮಗಳ ಪಕ್ಕ ಮಲಗಿಕೊಂಡು ಹೇಳಿದಳಂತೆ. ಬೆಳಿಗ್ಗೆ ಹುಡುಗಿಯ ಕಣ್ಣು ಊದಿತ್ತು. ಕಾಫಿ ಕುಡಿಯುವಾಗ ಅಪ್ಪನ ಎದುರು ಬಂದು ನಿಂತು, “ಅಪ್ಪಾಜಿ, ಛತ್ರದಲ್ಲಿ ನಿಮ್ಮಿಷ್ಟ. ನವಿಲು ಎರಡಲ್ಲ, ನಾಲ್ಕು ಮಾಡಿಸಿ. ಮನೆ ಮುಂದೆ ಚಪ್ಪರ ಮಾತ್ರ ನಂದು. ತಾತ ಹಾಕಿದ್ರಲ್ಲ, ಅಂಥದ್ದು” ಎಂದಳು. ಬಾವ ಲೋಟ ಕೆಳಗಿಟ್ಟು, “ಅದ್ನ ಈಗ ಯಾರ್ ಮಾಡಾರು ಮಗ?” ಎಂದರು. ಬೇಡ ಎನ್ನಲಿಲ್ಲ.

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಫೈಬರಿನ ಅರಮನೆಗೆ ಮುಂಗಡ ಕೊಟ್ಟು ಫೋನು ಮಾಡಿದರೆ ಲಾರಿಯಲ್ಲಿ ಬಂದು ಇಳಿಯುತ್ತದೆ. ಸೋಗೆ ಚಪ್ಪರಕ್ಕೆ ಮುಂಗಡ ಯಾರಿಗೆ ಕೊಡುವುದು? ನಮ್ಮ ಕಡೆ ಮದುವೆಯಲ್ಲಿ ಬರೆಸುವ ದುಡ್ಡಿಗೆ ಮುಯ್ಯಿ ಎನ್ನುತ್ತಾರೆ, ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ದುಡಿದು ತೀರಿಸುವುದಕ್ಕೆ ಮುಯ್ಯಾಳು ಎನ್ನುತ್ತಾರೆ. ಚಪ್ಪರ ಈ ಎರಡರ ನಡುವಿನದು. ನಿಮ್ಮ ಮನೆಗೆ ನಾನು ಗರಿ ಹೆಣೆದಿದ್ದರೆ ನಮ್ಮ ಮನೆಗೆ ನೀವು ಬರುತ್ತೀರಿ. ಬಾವ ಯಾರ ಮನೆಗೂ ಗರಿ ಹೆಣೆದು ಇಪ್ಪತ್ತು ವರ್ಷವಾಗಿತ್ತು. ಯಾರೂ ಹೆಣೆದಿರಲಿಲ್ಲ. ಊರಿನ ಹುಡುಗರು ಬಿಡದಿಯ ಕಾರ್ಖಾನೆಗಳಲ್ಲಿ, ಬೆಂಗಳೂರಿನ ಕ್ಯಾಬುಗಳಲ್ಲಿ ಇದ್ದರು.

ಗರಿಯದೇ ಇನ್ನೊಂದು ಫಜೀತಿ. ತೆಂಗಿಗೆ ಬಿಳಿನೊಣದ ಕಾಟ. ನೊಣ ಬಿಡುವ ಸಿಹಿ ಅಂಟಿನ ಮೇಲೆ ಮಸಿಯಂಥ ಬೂಷ್ಟು ಬೆಳೆದು ಗರಿಯೆಲ್ಲ ಕಾಡಿಗೆ ಬಳಿದಂತಾಗಿರುತ್ತದೆ. ಮುಟ್ಟಿದರೆ ಕೈ ಕರ್ರಗೆ. ಮದುವೆ ಚಪ್ಪರಕ್ಕೆ ಅದನ್ನು ಹಾಕುವುದು ಹೇಗೆ? ನಾನು ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿದೆ. ಕಾಯಿ ಇಳಿಸುವವರಿಗೆ ಯಾವ ತೋಟ ಹೇಗಿದೆ ಎಂದು ಗೊತ್ತಿರುತ್ತದೆ. ಶಿಂಷಾ ಹೊಳೆಯ ಕಡೆ ಒಂದು ತೋಟದಲ್ಲಿ ಚೊಕ್ಕ ಗರಿ ಸಿಕ್ಕಿದವು, ಟೆಂಪೊದಲ್ಲಿ ತಂದೆವು. ಹೊಂಬಾಳೆ ಬೇಕು ಎಂದಾಗ ಮಾತ್ರ ತೋಟದವನು ಮುಖ ನೋಡಿದ. ಒಂದು ಹೊಂಬಾಳೆ ಕಡಿದರೆ ಒಂದು ಗೊನೆ ಕಾಯಿ ಹೋದ ಹಾಗೆ. ಒಂದು ಮರ ವರ್ಷಕ್ಕೆ ಬಿಡುವುದೇ ಹನ್ನೆರಡರ ಆಸುಪಾಸು. “ಮದ್ವೆ ಅಂತೀರಿ” ಎಂದು ಎರಡು ಕಡಿದುಕೊಟ್ಟ. ದುಡ್ಡು ತಗೊಳ್ಳಲಿಲ್ಲ. ಅವನ ಹೆಸರನ್ನು ಅಕ್ಕ ಮುಯ್ಯಿ ಪುಸ್ತಕದಲ್ಲಿ ಬರೆಸಿದ್ದಾಳೆ, ಎಂದಾದರೂ ತೀರಿಸಬೇಕು.

ಹೆಣೆಯುವುದು ಬಲ್ಲ ಮುದುಕರೊಬ್ಬರು ಊರಲ್ಲಿ ಉಳಿದಿದ್ದರು. ಕಣ್ಣು ಮಂದ, ಕೈಗೆ ಮಾತ್ರ ಏನೂ ಮರೆತಿರಲಿಲ್ಲ. ಗರಿಯನ್ನು ಬೆನ್ನಿಗೆ ಸರಿಯಾಗಿ ಸೀಳಿ, ಒಂದು ಎಸಳು ಮೇಲೆ ಒಂದು ಕೆಳಗೆ ಎಳೆಯುವಾಗ ಅವರು ನೋಡುತ್ತಿದ್ದುದು ಬೀದಿಯ ಕಡೆ. ಮೊದಲ ದಿನ ಅವರು, ನಾನು, ಹುಡುಗಿ, ಮೂರೇ ಜನ. ಹುಡುಗಿಯ ಬೆರಳು ಕೊಯ್ದುಕೊಂಡಿತು. ಎರಡನೆಯ ದಿನ ಪಕ್ಕದ ಮನೆಯ ಹೆಂಗಸರು ಬಂದು, “ಅದೇನ್ ಅಂಗ್ ಎಣೀತಿದ್ದೀಯ ಕೂಸೆ, ಬುಡು ಇತ್ಲಾಗೆ” ಎಂದು ಕಿತ್ತುಕೊಂಡು ಕೂತರು. ಶನಿವಾರ ರಾತ್ರಿ ಬಿಡದಿಯಿಂದ ಹುಡುಗರು ಬಂದರು. ಅವರಿಗೆ ಹೆಣೆಯಲು ಬರದಿದ್ದರೂ ಗುಳಿ ತೋಡಿದರು, ಗಳ ಏರಿಸಿದರು, ಬೆಳಗಿನ ಜಾವದವರೆಗೆ ಹಾಡು ಹಾಕಿಕೊಂಡು ಕುಣಿದರು. ಬಾವ ಅವರಿಗೆಲ್ಲ ಕೋಳಿ ಸಾರು ಮಾಡಿಸಿದರು. ಚಪ್ಪರದ ಹತ್ತಿರ ಮಾತ್ರ ಸುಳಿಯಲಿಲ್ಲ.

ಹಾಲುಗಂಬ ನನ್ನ ಪಾಲಿನದು. ನಮ್ಮಲ್ಲಿ ಅದು ಹಾಲು ಒಸರುವ ಮರದ್ದೇ ಆಗಬೇಕು. ಅತ್ತಿಯೋ, ಆಲವೋ, ಬಸರಿಯೋ. ಊರ ಮುಂದಿನ ಆಲ ರಸ್ತೆ ಅಗಲ ಮಾಡುವಾಗ ಹೋಗಿತ್ತು. ಹಳ್ಳದ ಬದಿಯಲ್ಲಿ ಒಂದು ಅತ್ತಿ ಸಿಕ್ಕಿತು. ಮರಕ್ಕೆ ಪೂಜೆ ಮಾಡಿ, ಕೊಂಬೆಗೆ ಮಚ್ಚು ಹಾಕಿದಾಗ ಬಿಳಿ ಹಾಲು ಕೈಗೆ ಅಂಟಿತು. ತಂದು, ಗುಳಿಗೆ ಹಾಲು ತುಪ್ಪ ಬಿಟ್ಟು, ಅರಿಸಿನದ ಬಟ್ಟೆಯಲ್ಲಿ ನವಧಾನ್ಯ ಕಟ್ಟಿ ನೆಟ್ಟೆವು. ಅಕ್ಕನ ಓರಗೆಯ ಹೆಂಗಸರು ಸೋಬಾನೆ ಎತ್ತಿದರು. ಎರಡು ಪದ ಆಗುವಷ್ಟರಲ್ಲಿ ಮುಂದಿನದು ಯಾರಿಗೂ ನೆನಪಿಗೆ ಬರದೆ, ನಗುತ್ತ ನಿಲ್ಲಿಸಿದರು. ಇದೇ ಜಿಲ್ಲೆಯ ಎಚ್. ಎಲ್. ನಾಗ ೇಗೌಡರು ಇಂಥ ಹೆಂಗಸರ ಬಾಯಿಂದ ಪುಸ್ತಕಗಟ್ಟಲೆ ಪದ ಬರೆದುಕೊಂಡು ಹೋಗಿದ್ದಾರೆ; ಅದು ನನ್ನ ಕಪಾಟಿನಲ್ಲಿದೆ, ಅಲ್ಲಿ ಅದರಿಂದ ಏನೂ ಉಪಯೋಗವಾಗಲಿಲ್ಲ.

ಅಲಂಕಾರ ಹುಡುಗಿಯದು. ಗದ್ದೆಯಿಂದ ಭತ್ತದ ತೆನೆ ತಂದು ಹಿಡಿಹಿಡಿಯಾಗಿ ಕಟ್ಟಿ ಸೂರಿನುದ್ದಕ್ಕೂ ತೂಗಿಬಿಟ್ಟಳು. ಅವಳ ಅಜ್ಜಿ, ಅಂದರೆ ನಮ್ಮವ್ವ, ಗುಬ್ಬಿಗಳಿಗೆಂದು ಬಾಗಿಲಿಗೆ ಹಾಗೆ ಕಟ್ಟುತ್ತಿದ್ದದ್ದನ್ನು ಎಳವೆಯಲ್ಲಿ ನೋಡಿದ್ದಳಂತೆ, ನನಗೇ ಮರೆತಿತ್ತು. ಇದೇ ತಾಲ್ಲೂಕಿನ ಕಿರುಗಾವಲಿನ ಸೈಯದ್ ಘನಿ ಖಾನ್ ನೂರಾರು ನಾಟಿ ಭತ್ತದ ತಳಿಗಳನ್ನು ಬೆಳೆದು ಉಳಿಸಿಕೊಂಡು ಬಂದಿದ್ದಾರಲ್ಲ, ಅದನ್ನು ಕೇಳಿ ಅವಳಿಗೆ ಕೆಂಪು, ಕಪ್ಪು ತೆನೆಗಳೂ ಬೇಕೆಂದು ಆಸೆಯಾಯಿತು. ಹೊತ್ತಿರಲಿಲ್ಲ. ನಾಲ್ಕು ಚೀಲ ಚೆಂಡು ಹೂ, ಹಳದಿ ಸೇವಂತಿಗೆ, ಬೇಲಿಯ ತಂಗಡಿ, ಅಕ್ಕಡಿಯ ಹುಚ್ಚೆಳ್ಳು. ಹುಚ್ಚೆಳ್ಳು ಕಿತ್ತ ಒಂದು ಗಂಟೆಗೆ ಜೋತುಬಿತ್ತು, ತಂಗಡಿ ಪರವಾಗಿಲ್ಲ. ಗೋಣಿತಾಟನ್ನು ಅವಳೇ ಕೈಬಿಟ್ಟಿದ್ದಳು.

ಕೊನೆಗೆ ಬಾಗಿಲಿನ ಎರಡು ಕಡೆ ಕಟ್ಟಲು ಸೂಲಂಗಿ ಬೇಕೆಂದಳು. ಕಬ್ಬಿನ ಗದ್ದೆಯೊಳಗೆ ಹೋಗಿ ಜಲ್ಲೆ ಬಾಗಿಸಿ ಕೊಯ್ಯಬೇಕು, ಗರಿಯ ಸುಂಕು ಮೈಯೆಲ್ಲ ಚುಚ್ಚುತ್ತದೆ. ನಾನು ಅಂಗಿ ತೋಳು ಇಳಿಸಿಕೊಂಡು ಹೊರಟಾಗ ಬಾವ ಕುಡುಗೋಲು ಹಿಡಿದು ಹಿಂದೆ ಬಂದರು. “ನೀವು ಕೊಯ್ದ್ರೆ ಕಬ್ಬೆಲ್ಲ ಮುರ್ದಾಕ್ತೀರಿ” ಎಂದರು. ಅಷ್ಟೇ ಮಾತು. ಎರಡು ಹೊರೆ ಆಯಿತು. ತಂದು ಇಳಿಸಿ, ಅವರು ಚಪ್ಪರದ ಸುತ್ತ ಒಂದು ಸುತ್ತು ಬಂದರು. ಮೂಡಲ ಮೂಲೆಯ ಕಂಬದ ಮುಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದರು. “ವಾಲದೆ” ಎಂದರು. ಹಾರೆ ತರಿಸಿ, ಕಟ್ಟು ಬಿಚ್ಚಿ, ಗುಳಿ ಮತ್ತೆ ತೋಡಿ, ಆ ಕಂಬವನ್ನು ಕತ್ತಲಾಗುವವರೆಗೆ ಒಬ್ಬರೇ ನೆಟ್ಟರು.

ಛತ್ರದ ಮದುವೆಯ ವಿಷಯ ಹೆಚ್ಚು ಹೇಳುವುದಿಲ್ಲ. ನವಿಲು ಎರಡೇ ಇದ್ದವು, ಕಾರಂಜಿ ನಡುವೆ ಒಮ್ಮೆ ನಿಂತಿತು, ಧಾರೆ ಚೆನ್ನಾಗಿ ಆಯಿತು. ಬಾವ ರೇಷ್ಮೆ ಪಂಚೆಯಲ್ಲಿ ಬಾಗಿಲಲ್ಲಿ ನಿಂತು ಎಲ್ಲರನ್ನೂ ತಲೆ ಎತ್ತಿಯೇ ಕರೆದರು. ನಾನು ದೂರದಿಂದ ನೋಡುತ್ತಿದ್ದೆ.

ಬೀಗರೂಟ ಹಳ್ಳಿಯಲ್ಲಿ. ಬೆಂಗಳೂರಿನವರು ಮೂರು ಬಸ್ಸಿನಲ್ಲಿ ಬಂದರು. ಗಂಡಿನ ಚಿಕ್ಕಪ್ಪನೊಬ್ಬರು ಚಪ್ಪರದ ಬಾಗಿಲಲ್ಲಿ ನಿಂತು, ಕತ್ತೆತ್ತಿ ಮೇಲೆ ನೋಡಿದರು. ಬಾವ ನನ್ನ ಪಕ್ಕದಲ್ಲಿದ್ದರು. ಅವರ ಉಸಿರು ನಿಂತದ್ದು ನನಗೆ ತಿಳಿಯಿತು. “ಇದನ್ನ ಹಾಕಿದ್ದು ಯಾರು?” ಎಂದು ಕೇಳಿದರು ಆ ಮನುಷ್ಯ. “ನಮ್ಮ ಬಾಮೈದ” ಎಂದುಬಿಟ್ಟರು ಬಾವ, ಬರುವುದೇನಿದ್ದರೂ ನನಗೇ ಬರಲಿ ಎಂಬಂತೆ. ಆತ ನನ್ನ ಕಡೆ ತಿರುಗಿ, “ನಿಮ್ಮ ಕಾರ್ಡ್ ಇದ್ಯಾ ಸರ್? ಮಾರ್ಚಿನಲ್ಲಿ ನಮ್ಮ ಮಗಳದ್ದಿದೆ. ಬೆಂಗಳೂರಿಗೆ ಬಂದು ಹಾಕಿಕೊಡೋಕೆ ಎಷ್ಟಾಗುತ್ತೆ?” ಎಂದರು. ಬಾವ ಗಟ್ಟಿಯಾಗಿ ನಗಲು ಶುರು ಮಾಡಿದರು. ಯಾಕೆಂದು ತಿಳಿಯದೆ ಅವರೂ ನಕ್ಕರು.

ಎಲ್ಲರೂ ಹೋದ ಮೇಲೆ ಅಕ್ಕ ಎಲೆಯಡಿಕೆ ತಟ್ಟೆ ಹಿಡಿದು ಚಪ್ಪರದಡಿ ಬಂದು ಕೂತಳು. ಮಧ್ಯಾಹ್ನದ ಬಿಸಿಲು ಹೊರಗೆ ಚುರುಗುಟ್ಟುತ್ತಿತ್ತು. ಸೋಗೆ ಅರ್ಧ ಒಣಗಿತ್ತು. “ನಮ್ಮ ಮದ್ವೆಲೂ ಇದೇ ವಾಸನೆ” ಎಂದಳು. “ಅಂತಾ ಉರಿ ವೈಶಾಖದಲ್ಲಿ ಎಷ್ಟು ತಣ್ಣಗಿತ್ತು ಒಳಗೆ. ಅಪ್ಪಂಗೆ ಯೋಳ್ಬೇಕು ಅಂದ್ಕಂಡಿದ್ದೆ, ಅವತ್ತು ಎಲ್ಲಿ ಯೋಳಕ್ಕಾದದು.” ಬಾವ ಅಡಿಕೆ ಕತ್ತರಿಸುತ್ತಿದ್ದರು. ಅಡಕೊತ್ತು ಸ್ವಲ್ಪ ಹೊತ್ತು ನಿಂತು, ಮತ್ತೆ ಆಡಿತು.

ಮಾರನೆಯ ದಿನ ಹಸು ಹಗ್ಗ ಬಿಡಿಸಿಕೊಂಡು ಬಂದು ಬಾಗಿಲ ಬಾಳೆಕಂದನ್ನೂ ಒಂದು ಕಡೆಯ ಸೂಲಂಗಿಯನ್ನೂ ಮೇಯ್ದಿತು. ಭತ್ತದ ತೆನೆಯನ್ನು ಗಿಳಿಗಳು ನೋಡಿಕೊಂಡವು. ಗುಬ್ಬಿ ಒಂದೂ ಬರಲಿಲ್ಲ. ಚಪ್ಪರವನ್ನು ಬಾವ ತಿಂಗಳಾದರೂ ಬಿಚ್ಚಿಸಲಿಲ್ಲ. ಕಟಾವಿನ ಪರ್ಮಿಟ್ಟು ಬಂದದ್ದು ಮಾರ್ಗಶಿರದ ಕೊನೆಗೆ. ಅಷ್ಟರಲ್ಲಿ ಗದ್ದೆಯ ಸೂಲಂಗಿಯೆಲ್ಲ ಗಾಳಿಗೆ ಉದುರಿ, ನೆತ್ತಿಯ ಮೇಲೆ ಬರಿಯ ಕಡ್ಡಿ ನಿಂತಿತ್ತು.